ಯಾರದೂ ಆಕ್ಷೇಪಣೆ ಇಲ್ಲ

1985, ಜನವರಿ 20, ಭಾನುವಾರ

ಈ ಇವಾಗುರೊ ಊರಿನ ಗಂಡಸರಿಗೆ ದೇವರು ನಾಲಿಗೆ ಯಾಕೆ ಕೊಟ್ಟನೋ ನನಗೆ ತಿಳಿಯದು. ಅಕ್ಕಿಯ ಹೆಂಡ 'ಸಾಕೆ' ಕುಡಿದ ಮೇಲೆ ತುಟಿ ನೆಕ್ಕಿಕೊಳ್ಳಲು ಇರಬೇಕು.

ಬೆಳಗ್ಗೆ ಊರ ಸಭಾಮಂದಿರದಲ್ಲಿ ಸಭೆ ಇತ್ತು. ಪುರಸಭೆಯಿಂದ ಸೆಕಿಗುಚಿ ಎಂಬ ಕನ್ನಡಕದ ಅಧಿಕಾರಿ ಬಂದಿದ್ದ. ಮಾರ್ಚ್ ಕೊನೆಗೆ ನಮ್ಮ ರೈಲು ನಿಲ್ಲುತ್ತದೆ ಎಂಬುದು ಹಳೆಯ ಸುದ್ದಿ, ಅದಕ್ಕೆ ಅತ್ತು ಕರೆದು ಮುಗಿದಿದೆ. ಇವತ್ತಿನ ವಿಷಯ ನಿಲ್ದಾಣದ ಕಟ್ಟಡ. ಊರು ಬೇಕೆಂದು ಕೇಳಿದರೆ ರೈಲ್ವೆಯವರು ಬಿಟ್ಟುಕೊಡುತ್ತಾರಂತೆ, ಸೂರು ಸೋರಿದರೆ ನಾವೇ ನೋಡಿಕೊಳ್ಳಬೇಕು. ಕೇಳದಿದ್ದರೆ ಏಪ್ರಿಲ್‌ನಲ್ಲಿ ಕೆಡವುತ್ತಾರಂತೆ.

"ಕೆಡವೋದು ಅಂತ ಯೋಜನೆ ಆಗಿದೆ. ಬೇಡ ಅನ್ನೋರು ಇದ್ರೆ ದಯವಿಟ್ಟು ಈಗಲೇ ಹೇಳಿ" ಎಂದ ಸೆಕಿಗುಚಿ.

ಎಲ್ಲ ತಲೆಗಳೂ ಒಟ್ಟಿಗೆ ಬಗ್ಗಿದವು. ತಮ್ಮ ತಮ್ಮ ಮಂಡಿಗಳನ್ನು ಇದೇ ಮೊದಲ ಸಲ ಕಂಡವರಂತೆ ನೋಡುತ್ತ ಕುಳಿತರು. ಸಾಕೆ ಅಂಗಡಿಯ ಹೊಸೊದಾ ಕೆಮ್ಮಿದ. ಏನೋ ಹೇಳುತ್ತಾನೆ ಎಂದು ಕಾದೆ. ಅವನಿಗೆ ನಿಜವಾಗಿಯೂ ಕೆಮ್ಮು ಬಂದಿತ್ತು.

ಕೊನೆಗೆ ಊರ ಸಂಘದ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಯಾರದೂ ಆಕ್ಷೇಪಣೆ ಇಲ್ಲ ಅಂತ ಇಟ್ಕೊಳ್ಳೋಣ್ವಾ?" ಎಂದರು. ಗೋಣುಗಳು ಆಡಿದವು. ಸೆಕಿಗುಚಿ ಬರೆದುಕೊಂಡ. ಐವತ್ತಮೂರು ವರ್ಷದ ನಿಲ್ದಾಣಕ್ಕೆ ಎಳ್ಳುನೀರು ಬಿಡಲು ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಆ ಮುಖ್ಯಸ್ಥರು ನನ್ನ ಗಂಡ ಕಿಯೊಹಾರು. ಅವರ ಜೊತೆ ನಾನು ಒಂದೇ ಸೂರಿನ ಕೆಳಗೆ ಮಲಗಬೇಕು.

ನಾನು ಹೇಳಬೇಕಾಗಿದ್ದದ್ದು ಇದು: 'ಹದಿನಾಲ್ಕು ವರ್ಷದ ಹಿಂದೆ ರೈಲ್ವೆಯವರು ಸ್ಟೇಷನ್ ಮಾಸ್ಟರನ್ನು ವಾಪಸ್ಸು ಕರೆಸಿಕೊಂಡಾಗ, ಟಿಕೆಟ್ ಮಾರುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವರು ನೀವು. ನಮ್ಮ ಫುಮಿಯೆ ಕೂತರೆ ನಿಲ್ದಾಣ ಬೆಚ್ಚಗಿರುತ್ತದೆ ಎಂದು ಹಾಡಿ ಹೊಗಳಿದಿರಿ. ಆಗ ಇದ್ದ ಬಾಯಿ ಈಗೆಲ್ಲಿ ಹೋಯಿತು? ಆ ಕಿಟಕಿಯ ಹಿಂದೆ ಚಳಿಯಲ್ಲಿ ಬೆರಳು ಒಡೆದುಕೊಂಡವಳು ನಾನು. ಕೆಡವುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ?'

ಹೇಳಲಿಲ್ಲ. ಸಭೆಗೆ ಮನೆಗೊಬ್ಬರು, ಎಂದರೆ ಗಂಡಸರು. ಹೆಂಗಸರು ಹಿಂದೆ ಸ್ಟೌವ್ ಹತ್ತಿರ. ಚಹಾದ ಕೆಟಲ್ ನನ್ನ ಕೈಯಲ್ಲಿತ್ತು. ಎಲ್ಲರಿಗೂ ಇನ್ನೊಂದು ಸುತ್ತು ಬಗ್ಗಿಸಿದೆ.

ಜನವರಿ 22

ನಿಲ್ದಾಣ ಸಾಯುತ್ತದೆ ಎಂದು ಗೊತ್ತಾದ ಮೇಲೆ ಕ್ಯಾಮೆರಾದವರು ಬರತೊಡಗಿದ್ದಾರೆ. ಇಷ್ಟು ವರ್ಷ ಈ ಕಡೆ ತಲೆ ಹಾಕದವರು. ಸಾವಿನ ಮನೆಯ ಊಟಕ್ಕೆ ಬರುವ ದೂರದ ನೆಂಟರು ಹೀಗೇ.

ಇವತ್ತು ಬಂದವನು ಓಸಾಕಾದವನು. ಟಿಕೆಟ್ ಕಿಟಕಿಯ ಫೋಟೋ ತೆಗೆಯಬೇಕಂತೆ. "ಅಮ್ಮಾ, ಸ್ವಲ್ಪ ಆ ಕಡೆ ಸರೀತೀರಾ? ಕಿಟಕಿ ಖಾಲಿ ಇದ್ರೆ ಚೆನ್ನಾಗಿ ಬರುತ್ತೆ" ಎಂದ. ಸರಿದೆ. ಸರಿದದ್ದು ಸಾಲದು ಎಂಬಂತೆ "ಕ್ಷಮಿಸಿ" ಎಂದೂ ಹೇಳಿದೆ. ನನ್ನ ಕಿಟಕಿಯಿಂದ ನಾನೇ ಎದ್ದು ಹೋಗಿ, ನಾನೇ ಕ್ಷಮೆ ಕೇಳಿದೆ! ಮೂಲಂಗಿ ಹೆಚ್ಚುವಾಗ ನೆನಪಾಗಿ ಬೆರಳು ಕುಯ್ದುಕೊಂಡೆ.

ಜನವರಿ 24

ರಾತ್ರಿಯ ಊಟಕ್ಕೆ ಮಿಸೊ ಸಾರನ್ನು ಬರೀ ನೀರಿನಂತೆ ಮಾಡಿ ಬಡಿಸಿದೆ. ತೋಫು ಇಲ್ಲ, ಸೊಪ್ಪಿಲ್ಲ, ಏನೂ ಇಲ್ಲ. ನಮ್ಮವರು ಬಟ್ಟಲನ್ನು ದೀಪದ ಕಡೆ ತಿರುಗಿಸಿ ಒಳಗೆ ಇಣುಕಿದರು.

"ಏನೇ, ಸಾರಲ್ಲಿ ಏನೂ ಕಾಣ್ತಾ ಇಲ್ವಲ್ಲ?"

'ಯಾರದೂ ಆಕ್ಷೇಪಣೆ ಇಲ್ಲ ಅಂತ ಇಟ್ಟುಕೊಂಡೆ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ತೋಫು ಮುಗಿದುಹೋಗಿದೆ" ಎಂದೆ. ತೋಫು ಬಕೆಟ್ಟಿನ ನೀರಿನಲ್ಲಿ ತೇಲುತ್ತಿತ್ತು. ಅವರು ಸದ್ದಿಲ್ಲದೆ ಕುಡಿದರು. ಅದಕ್ಕೂ ಸಿಟ್ಟು ಬಂತು.

ಜನವರಿ 30

ಹಿಮ. ಬೆಳಗಿನ ರೈಲಿಗೆ ಶಾಲೆಯ ಹುಡುಗಿಯರು, ಆಸ್ಪತ್ರೆಗೆ ಹೋಗುವ ಇಬ್ಬರು. ಆಮೇಲೆ ನಿಲ್ದಾಣದಲ್ಲಿ ಗೆನ್‌ಜಿರೊ ತಾತ ಒಬ್ಬನೇ. ಎಂಬತ್ತು ದಾಟಿದ ಈ ಮನುಷ್ಯ ಎಲ್ಲಿಗೂ ಹೋಗುವುದಿಲ್ಲ, ದಿನವೂ ಬಂದು ಸ್ಟೌವ್ ಮುಂದೆ ಕಾಲು ಚಾಚಿ ಕೂರುತ್ತಾನೆ.

ಸುಮ್ಮನಿರಲಾಗದೆ ಕೇಳಿಬಿಟ್ಟೆ. "ತಾತಾ, ಏಪ್ರಿಲ್ ಆದ್ಮೇಲೆ ಎಲ್ಲಿ ಕೂರ್ತೀಯ?"

"ಎಲ್ಲಿ ಕೂರೋದು. ಕೂತಿದ್ದು ಸಾಕು, ಮಲಗೋ ಕಾಲ ಬಂತು."

"ಅವತ್ತು ಸಭೇಲಿ ಬೇಡ ಅನ್ಬೋದಿತ್ತಲ್ಲ?"

"ಬದುಕಿ ಬಾಳೋರು ಕೆಡವಿ ಅಂತಿರೋವಾಗ ಈ ಮುದುಕ ಯಾಕೆ ಅಡ್ಡ ಕಾಲು ಹಾಕ್ಬೇಕು?"

"ಯಾರು ಕೆಡವಿ ಅಂದ್ರು?"

"ಹೊಸೊದಾಗೆ ಗಾಡಿ ನಿಲ್ಸೋಕೆ ಜಾಗ ಬೇಕಂತೆ."

"ಅವನೇ ಹೇಳಿದ್ನಾ?"

"ಹೇಳ್ಬೇಕಾ? ಕೆಮ್ಮಿದ್ನಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಆಮೇಲೆ ಆತ ಕಿಟಕಿಯ ಪಕ್ಕದ ಕಂಬವನ್ನು ತೋರಿಸಿದ. ಹಳಿ ಬರುವ ಕಾಲಕ್ಕೆ ರೈಲ್ವೆಯವರ ನಕ್ಷೆಯಲ್ಲಿ ನಮ್ಮೂರು ಇರಲೇ ಇಲ್ಲವಂತೆ. ಹಳಿ ಹಾಕುತ್ತೇವೆ, ರೈಲು ನಿಲ್ಲಿಸುವುದಿಲ್ಲ ಎಂದಿದ್ದರು. ಊರಿನವರು ಹೋಗಿ ಕಾಲು ಹಿಡಿದು ಕೇಳಿದಾಗ, ಜಾಗ ಕೊಡಿ, ಕಲ್ಲು ಕೊಡಿ, ಮರ ಕೊಡಿ, ನಿಲ್ಲಿಸುತ್ತೇವೆ ಎಂದರಂತೆ. ನಮ್ಮ ಮಾವನವರು ಹಿಪ್ಪುನೇರಳೆ ತೋಟ ಬಿಟ್ಟುಕೊಟ್ಟರು. ಚಳಿಗಾಲದಲ್ಲಿ ಹೆಂಗಸರು ಹೊಳೆಯಿಂದ ಬೆನ್ನ ಮೇಲೆ ಕಲ್ಲು ಹೊತ್ತು ಪ್ಲಾಟ್‌ಫಾರ್ಮ್ ಕಟ್ಟಿದರು. ಕಂಬಕ್ಕೆ ದೇವರ ಕಾಡಿನ ಸುಗಿ ಎಂಬ ದೇವದಾರು ಮರವನ್ನೇ ಕಡಿದರು.

"ಕಡಿಯೋಕೆ ಮುಂಚೆ ಪೂಜಾರಿ ಮರಕ್ಕೆ ಕೈಮುಗಿದು ಕ್ಷಮೆ ಕೇಳಿದ. ಇಳಿಜಾರಲ್ಲಿ ಹೊತ್ತುತರೋವಾಗ ಅದರ ಬುಡ ನನ್ನ ಹೆಗಲ ಮೇಲಿತ್ತು. ಈಗ್ಲೂ ಮೋಡ ಆದ್ರೆ ಆ ಹೆಗಲು ನೋಯುತ್ತೆ" ಎಂದ.

ಅಷ್ಟು ನೋಯುವ ಹೆಗಲಿಟ್ಟುಕೊಂಡು ಮಂಡಿ ನೋಡುತ್ತ ಕೂತಿದ್ದನಲ್ಲ! ಮುದುಕನೆಂದೂ ನೋಡದೆ ಬೈಯೋಣ ಎನ್ನಿಸಿತು. ತುಟಿ ಕಚ್ಚಿಕೊಂಡು ಸ್ಟೌವಿಗೆ ಸೀಮೆಎಣ್ಣೆ ಹಾಕಿದೆ.

ಫೆಬ್ರವರಿ 2

ಹೊಸೊದಾನ ಅಂಗಡಿಗೆ ಹೋದೆ. ಸೋಯಾ ಸಾಸ್ ಬೇಕಿರಲಿಲ್ಲ, ಆದರೂ ಒಂದು ಬಾಟಲಿ ಕೇಳಿದೆ.

"ನಿಲ್ದಾಣ ಹೋದ್ರೆ ನಿಂಗೆ ಗಾಡಿ ನಿಲ್ಸೋಕೆ ಅನುಕೂಲ ಅಂತೆ?"

ಅವನು ಬಾಟಲಿ ಕೆಳಗಿಟ್ಟ. "ಯಾರಕ್ಕಾ ಹಾಗಂದಿದ್ದು? ಗಾಡಿ ಇರೋದೇ ಒಂದು, ಅದೂ ಹಿತ್ತಲಲ್ಲಿ ನಿಲ್ಲುತ್ತೆ. ನಾನು ನಿಮ್ಮನ್ನ ನೆನೆಸ್ಕೊಂಡು ಸುಮ್ನಿದ್ದೆ."

"ನಮ್ಮನ್ನಾ?"

"ಹೆಂಗಸರು ಪಾಪ, ಸರದಿ ಹಾಕ್ಕೊಂಡು ನಿಲ್ದಾಣ ಗುಡಿಸಿ ಗುಡಿಸಿ ಸಾಕಾಗಿದ್ದಾರೆ. ಇನ್ನೂ ಇಟ್ಕೊಳ್ಳಿ ಅಂತ ಹೇಳೋಕೆ ಯಾವ ಮುಖ ನಮಗೆ?"

"ಸಾಕಾಗಿದೆ ಅಂತ ಯಾವ ಹೆಂಗಸು ನಿನ್ನ ಹತ್ರ ಬಂದು ಹೇಳಿದ್ಲು?"

"ಹೇಳ್ಬೇಕಾ ಅಕ್ಕ..."

"ಹೇಳ್ಬೇಕು!" ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಒಳಗಿನಿಂದ ಅವನ ಹೆಂಡತಿ ಇಣುಕಿದಳು. ಸೋಯಾ ಸಾಸಿನ ದುಡ್ಡು ಕೊಟ್ಟು ಬಾಟಲಿ ಅಲ್ಲೇ ಬಿಟ್ಟು ಬಂದಿದ್ದೇನೆ. ನಾಳೆ ಅವನೇ ತಂದುಕೊಡಲಿ.

ಫೆಬ್ರವರಿ 3

ಹುರಿದ ಕಾಳು ಎರಚಿ ದೆವ್ವ ಓಡಿಸುವ ದಿನ. ಪ್ರತಿವರ್ಷ ಮೊಮ್ಮಕ್ಕಳಿಗಾಗಿ ನಮ್ಮವರು ಕೆಂಪು ದೆವ್ವದ ಮುಖವಾಡ ಹಾಕುತ್ತಾರೆ. ಈ ಸಲ ಹಿಮ ಹೆಚ್ಚೆಂದು ಮಕ್ಕಳು ಬರಲಿಲ್ಲ. ಮುಖವಾಡವಿಲ್ಲದೆ ಬಾಗಿಲಲ್ಲಿ ನಿಂತು "ಬಾರೇ, ಶಾಸ್ತ್ರಕ್ಕೆ ನಾಲ್ಕು ಕಾಳು ಎಸೆದುಬಿಡು" ಎಂದರು.

ಶಾಸ್ತ್ರಕ್ಕೆ ಎಸೆಯಲಿಲ್ಲ. ಮುಷ್ಟಿ ತುಂಬ ತೆಗೆದು ನೇರ ಮುಖಕ್ಕೇ ಎಸೆದೆ. "ದೆವ್ವ ಹೊರಗೆ! ಭಾಗ್ಯ ಒಳಗೆ! ದೆವ್ವ ಹೊರಗೆ!"

"ಅಯ್ಯೋ, ಕಣ್ಣಿಗೆ ಬಿತ್ತು ಕಣೇ!"

"ಬೀಳ್ಲಿ! ಸಂಘದ ಮುಖ್ಯಸ್ಥ ಅಂತೆ! ಇಡೀ ಊರಿಗೆ ಕಟ್ಟಡ ಬೇಕು, ನೀವು ಒಬ್ರು ಗಂಟಲು ಸರಿಮಾಡ್ಕೊಂಡು ಕೆಡವಿಸಿಬಿಟ್ರಿ!"

ಅವರು ಕಾಲರಿನ ಒಳಗಿಂದ ಒಂದೊಂದೇ ಕಾಳು ಹೆಕ್ಕಿ ತೆಗೆದರು. ಆಮೇಲೆ, "ನನಗೂ ಕೆಡವೋದು ಇಷ್ಟ ಇರಲಿಲ್ಲ" ಎಂದರು.

ನನ್ನ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು.

"ಮತ್ತೆ ಬಾಯಿ ಬಿಟ್ಟು ಹೇಳ್ಬೇಕಿತ್ತು ತಾನೇ?"

"ಮುಖ್ಯಸ್ಥನೇ ಮೊದಲು ಹೇಳಿಬಿಟ್ರೆ ಮಿಕ್ಕೋರು ಹೇಗೆ ಎದುರು ಮಾತಾಡ್ತಾರೆ? ಅವರಿಗೆ ಕಷ್ಟ ಆಗ್ಬಾರ್ದು ಅಂತ..."

ಒಬ್ಬರಿಗೊಬ್ಬರು ಕಷ್ಟ ಆಗಬಾರದೆಂದು ಎಲ್ಲರೂ ಸೇರಿ ಎಲ್ಲರಿಗೂ ಬೇಕಾದದ್ದನ್ನು ಕೆಡವುತ್ತಿದ್ದಾರೆ. ಬೇರೆ ಯಾವ ಊರಿನ ಜನಕ್ಕಾದರೂ ಈ ಬುದ್ಧಿವಂತಿಕೆ ಇದೆಯೇ? ಉಳಿದ ಕಾಳನ್ನೆಲ್ಲ ನೆಲಕ್ಕೆ ಚೆಲ್ಲಿದೆ. ಆಮೇಲೆ ನಾನೇ ಗುಡಿಸಬೇಕಾಯಿತು.

ಫೆಬ್ರವರಿ 7

ಟಿಕೆಟ್ ಕಿಟಕಿಗೆ ಬೋರ್ಡ್ ತಗುಲಿಸಿ, ಬಸ್ಸಿನಲ್ಲಿ ಪುರಸಭೆಗೆ ಹೋದೆ. ರೈಲಿನಲ್ಲಿ ಹೋಗಬಹುದಿತ್ತು, ಆದರೆ ಮುಂದೆ ನಮ್ಮ ಗತಿಯಾಗುವ ಬಸ್ಸನ್ನು ನೋಡೋಣ ಎನ್ನಿಸಿತು. ತಿರುವುಗಳಲ್ಲಿ ಹೊಟ್ಟೆ ತೊಳೆಸಿತು. ಆ ಸಂಕಟವೂ ಸೆಕಿಗುಚಿಯ ಲೆಕ್ಕಕ್ಕೇ ಸೇರಿತು.

"ಹಾಗಿವಾರಾ ಅವರೇ, ಊರಿನವರೇ ಒಪ್ಪಿಗೆ ಕೊಟ್ಟಾಗಿದೆ. ಯಾರದೂ ಆಕ್ಷೇಪಣೆ ಇಲ್ಲ ಅಂತ ದಾಖಲೆ ಆಗಿದೆ" ಎಂದ ಅವನು, ನಮ್ಮ ಮನೆತನದ ಹೆಸರು ಹಿಡಿದು.

"ನನ್ನದು ಇದೆ."

"ಅವತ್ತು ಹೇಳ್ಲಿಲ್ಲ..."

"ಇವತ್ತು ಹೇಳ್ತಾ ಇದ್ದೀನಲ್ಲ, ಬರ್ಕೊಳ್ಳಿ. ನಮ್ಮೂರಲ್ಲಿ ಸುಮ್ನಿದ್ರೆ ಒಪ್ಪಿಗೆ ಅಂತಲ್ಲ, ಇನ್ನೊಬ್ಬರ ಮುಖ ನೋಡ್ತಾ ಇದ್ದಾರೆ ಅಂತ. ನೀವೂ ಈ ಕಡೆಯೋರೇ ತಾನೇ, ಗೊತ್ತಿಲ್ವಾ?"

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಸೂಕ್ತವಾಗಿ ಪರಿಶೀಲಿಸ್ತೀವಿ" ಎಂದ.

"ಆ ಮಾತು ಬೇಡ. ಆ ಮಾತಿನ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು. ಇನ್ನೊಂದು ಸಲ ಊರು ಸೇರಿ ಬೇಕು ಅಂತ ತೀರ್ಮಾನ ಮಾಡಿದ್ರೆ ತಗೋತೀರೋ ಇಲ್ವೋ, ಅಷ್ಟು ಹೇಳಿ."

ಪಕ್ಕದ ಮೇಜಿನವರೆಲ್ಲ ತಿರುಗಿ ನೋಡುತ್ತಿದ್ದರು. ತಿಂಗಳ ಕೊನೆಯೊಳಗೆ ಬಂದರೆ ತೆಗೆದುಕೊಳ್ಳುತ್ತೇವೆ ಎಂದ. ಬಾಗಿ ನಮಸ್ಕಾರ ಮಾಡಿ ಬಂದೆ. ನಾನು ಯಾವತ್ತೂ ಜೋರಿನ ಹೆಂಗಸಲ್ಲ. ಅವನೇ ಹಾಗೆ ಮಾಡಿದ.

ಫೆಬ್ರವರಿ 11

ಸಭೆ 17ಕ್ಕೆ. ಮನೆಗೊಬ್ಬರಲ್ಲ, ಮನೆಯವರೆಲ್ಲ ಬರಬೇಕು ಎಂದು ನಮ್ಮವರ ಕೈಯಲ್ಲೇ ನೋಟೀಸು ಬರೆಸಿದ್ದೇನೆ. ಸಾರಿಗೆ ತೋಫು ಹಾಕಿದೆ. ಅರ್ಧ.

ಫೆಬ್ರವರಿ 17, ಭಾನುವಾರ

ಬರೆಯಬೇಕು.

ಮಂದಿರ ತುಂಬಿತ್ತು. ಅವರು ಎದ್ದು ನಿಂತು ಅದೇ ಹಳೆಯ ರಾಗ ತೆಗೆದರು: "ಕಟ್ಟಡದ ಬಗ್ಗೆ ಯಾರಿಗಾದ್ರೂ ಏನಾದ್ರೂ ಅಭಿಪ್ರಾಯ..." ತಲೆಗಳು ಬಗ್ಗಲು ತೊಡಗಿದವು. ನಾನು ಕೆಟಲನ್ನು ನೆಲದ ಮೇಲಿಟ್ಟು ನಡುವೆ ಹೋಗಿ ಕುಳಿತೆ.

"ರೀ, ಹಾಗೆ ಕೇಳಿದ್ರೆ ನಾಳೆ ಬೆಳಗಾದ್ರೂ ಯಾರೂ ಹೇಳಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿ."

"ಹಾಗೆಲ್ಲ ಎದುರಿಗೆ ಕೇಳೋದು ಮರ್ಯಾದೆ ಅಲ್ಲ ಕಣೇ."

"ಹಾಗಾದ್ರೆ ನಾನೇ ಕೇಳ್ತೀನಿ. ನನಗೆ ಮರ್ಯಾದೆ ಇಲ್ಲ ಅಂತ ಇಟ್ಕೊಳ್ಳಿ. ಗೆನ್‌ಜಿರೊ ತಾತಾ, ಬೇಕಾ ಬೇಡ್ವಾ?"

ತಾತ ಸುತ್ತ ನೋಡಿದ. "ನಂಗೇನು, ಎಲ್ಲರಿಗೂ ಹೇಗೋ ಹಾಗೆ..."

"ಎಲ್ಲರನ್ನ ಆಮೇಲೆ ಕೇಳ್ತೀನಿ. ನಿಂಗೆ?"

"ಬೇಕು" ಎಂದ. ಎಷ್ಟು ಜೋರಾಗಿ ಎಂದರೆ ಅವನೇ ಬೆಚ್ಚಿಬಿದ್ದ. ಯಾರೋ ನಕ್ಕರು. ಆಮೇಲೆ ಹೊಸೊದಾ: ಬೇಕು, ಗಾಡಿ ಹಿತ್ತಲಲ್ಲೇ ಇರುತ್ತದೆ. ಅವನ ಹೆಂಡತಿ: ಗುಡಿಸುವ ದಿನ ಹರಟೆಗೆ ಸಿಗುವುದು ಅದೊಂದೇ ಜಾಗ, ಸಾಕಾಗಿದೆ ಎಂದವರ ಬಾಯಿಗೆ ಹುಳ ಬೀಳಲಿ. ಹೀಗೆ ಸಾಲುಸಾಲಾಗಿ ಬೇಕು, ಬೇಕು. ಒಬ್ಬೊಬ್ಬರು ಹೇಳಿದಾಗಲೂ ಪಕ್ಕದವರು 'ನಿಮಗೂ ಬೇಕಿತ್ತಾ?' ಎಂದು ಬಾಯಿ ತೆರೆಯುತ್ತಿದ್ದರು. ನನ್ನ ಗಂಡ ಕೊನೆಗೆ "ನನಗೂ" ಎಂದರು, ಕಿವಿ ಕೆಂಪಾಗಿತ್ತು. ನಾನು ಗೆದ್ದೆ ಎಂದುಕೊಂಡೆ.

ಮಸುಯೊ ಅಕ್ಕ ಉಳಿದಿದ್ದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಮನೆಗೆ ಒಬ್ಬಳೇ ಆದ್ದರಿಂದ ಇಷ್ಟು ವರ್ಷವೂ ಗಂಡಸರ ಸಾಲಿನ ಕೊನೆಯಲ್ಲಿ ಕುಳಿತು, ಒಂದು ದಿನವೂ ತುಟಿಪಿಟಕ್ಕೆನ್ನದವಳು. ಅವಳು ಬೇಕು ಎನ್ನುತ್ತಾಳೆ ಎಂಬ ಧೈರ್ಯದಲ್ಲಿ ನಾನು ಆಗಲೇ ಏಳಲು ಹೊರಟಿದ್ದೆ.

"ನನ್ನ ಕೇಳಲ್ವಾ ಫುಮಿಯೆ?"

"ಕೇಳ್ತೀನಿ ಅಕ್ಕಾ. ಬೇಕಾ ಬೇಡ್ವಾ?"

"ಕೆಡವಿ."

ಸ್ಟೌವ್ ಮೇಲಿನ ನೀರು ಕುದಿಯುವುದು ಕೇಳಿಸುತ್ತಿತ್ತು.

"ಮದುವೆಯಾಗಿ ಎಂಟು ತಿಂಗಳಾಗಿತ್ತು" ಎಂದಳು. "ಆ ಪ್ಲಾಟ್‌ಫಾರ್ಮ್ ಮೇಲೆ ಎಲ್ಲರೂ ಬಾವುಟ ಆಡಿಸಿ ಬಾನ್‌ಜಾಯ್ ಬಾನ್‌ಜಾಯ್ ಅಂತ ಜೈಕಾರ ಹಾಕಿ ಅವರನ್ನ ರೈಲು ಹತ್ತಿಸಿದ್ರಿ. ನಾನೂ ಕೈಯೆತ್ತಿ ಕೂಗಿದೆ. ಅಳೋ ಹಾಗಿರಲಿಲ್ಲ, ಪೊಲೀಸು ಪಕ್ಕದಲ್ಲೇ ನಿಂತಿದ್ದ. ಆಮೇಲೆ ಅದೇ ಪ್ಲಾಟ್‌ಫಾರ್ಮಿಗೆ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಅಲ್ಲಾಡಿಸಿದ್ರೆ ಕಟಕಟ ಅಂತು. ಮೂಳೆ ಅಂದ್ಕೊಂಡೆ. ಬಿಚ್ಚಿದ್ರೆ ಒಂದು ಬೆಣಚುಕಲ್ಲು. ಎಲ್ಲಿಯ ಕಲ್ಲೋ ಏನೋ. ನಲವತ್ತು ವರ್ಷದಿಂದ ಸರದಿ ಬಂದಾಗೆಲ್ಲ ಆ ಜಾಗ ಗುಡಿಸಿದ್ದೀನಿ. ಇದಕ್ಕೆ ಬೆಂಕಿ ಬೀಳ್ಲಿ ಅಂದ್ಕೊಂಡೇ ಗುಡಿಸಿದ್ದೀನಿ. ಮೊನ್ನೆ ಕೆಡವ್ತಾರೆ ಅಂದಾಗ ಮನೆಗೆ ಹೋಗಿ ಅವರ ಫೋಟೋ ಮುಂದೆ, ಶುಭ ದಿನಕ್ಕೆ ಮಾಡೋ ಕೆಂಪು ಕಾಳಿನ ಅನ್ನ ಮಾಡಿಟ್ಟೆ. ನೀವು ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇವತ್ತು ಇವಳು ಕೇಳಿದ್ಲು."

ಎಲ್ಲರೂ ಮತ್ತೆ ಮಂಡಿ ನೋಡತೊಡಗಿದರು. ನಾನೂ ನೋಡಿದೆ. ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಹೀಗಿರೋವಾಗ... ಈ ವಿಷಯ ಇಲ್ಲಿಗೇ ಬಿಟ್ಟು..." ಎಂದು ಶುರುಮಾಡಿದರು.

ಮಸುಯೊ ಅಕ್ಕ ಚಾಪೆಗೆ ಅಂಗೈಯಿಂದ ಹೊಡೆದಳು. "ಮತ್ತೆ ಅದೇ! ನನಗೋಸ್ಕರ ಅಂತ ಬಾಯಿ ಮುಚ್ಕೋಬೇಡಿ. ನನ್ನದು ನಾನು ಹೇಳಿದ್ದೀನಿ. ನಿಮ್ಮದು ನೀವು ಹೇಳಿ. ಎತ್ರಿ ಕೈ!"

ಬೇಕೆನ್ನುವವರ ಕೈಗಳು ಒಂದೊಂದಾಗಿ ಎದ್ದವು. ನನ್ನದೂ ಎದ್ದಿತು. ಕೆಡವಬೇಕೆನ್ನುವವರು ಎಂದಾಗ ಅವಳ ಒಂದೇ ಕೈ. ನೆಟ್ಟಗೆ, ಕಿವಿಗೆ ತಾಗಿಸಿ, ಶಾಲೆಯ ಹುಡುಗಿ ಎತ್ತುವ ಹಾಗೆ ಎತ್ತಿದಳು.

ಕಟ್ಟಡ ಉಳಿಯಿತು. ಗಂಡಸರು ಸಾಕೆ ಬಾಟಲಿ ತೆಗೆದರು. ನಾನು ಗ್ಲಾಸು ತೊಳೆಯುವ ನೆಪ ಮಾಡಿ ಹೊರಗೆ ಬಂದೆ.

ಫೆಬ್ರವರಿ 18

ಗೆದ್ದ ಮರುದಿನ ಮನುಷ್ಯರಿಗೆ ಸಂತೋಷವಾಗುತ್ತದಂತೆ. ನನಗೆ ಬೆಳಗಿನಿಂದ ಎಲ್ಲರ ಮೇಲೂ ಸಿಟ್ಟು. ಬಂದು ಬಂದು ಕೈಕುಲುಕಿದವರ ಮೇಲೆ, "ನೀನು ಭೇಷ್ ಕಣೇ" ಎಂದ ಗಂಡನ ಮೇಲೆ, ಆ ಪೆಟ್ಟಿಗೆಯಲ್ಲಿ ಕಲ್ಲು ಇಟ್ಟು ಕಳಿಸಿದವರ ಮೇಲೆ. ಯಾವನವನು? ಕಚೇರಿಯಲ್ಲಿ ಕೂತು ಒಂದೊಂದು ಪೆಟ್ಟಿಗೆಗೆ ಒಂದೊಂದು ಕಲ್ಲು ಹಾಕುವಾಗ ಕೈ ನಡುಗಲಿಲ್ಲವೇ?

ಮಧ್ಯಾಹ್ನ ಒಣ ಪರ್ಸಿಮನ್ ಹಣ್ಣು ಕಟ್ಟಿಕೊಂಡು ಮಸುಯೊ ಅಕ್ಕನ ಮನೆಗೆ ಹೋದೆ. ಸೂರಿನ ಕೆಳಗೆ ಮೂಲಂಗಿ ನೇತುಹಾಕುತ್ತಿದ್ದಳು.

"ಓಹೋ, ಗೆದ್ದೋಳು ಬಂದ್ಲು."

"ಅಕ್ಕಾ, ನಿಂಗೆ ಅಷ್ಟು ನೋವಿದ್ರೆ ನಾನು..."

"ನೀನು? ನೀನೇನ್ ಮಾಡ್ತಿದ್ದೆ? ಪಾಪ ಅಂತ ಕೈ ಕೆಳಗಿಳಿಸ್ತಿದ್ದೆ. ಆ ಪಾಪ ಅನ್ನೋದು ನಲವತ್ತು ವರ್ಷ ತಿಂದು ಅಜೀರ್ಣ ಆಗಿದೆ ನಂಗೆ. ಹಿಡ್ಕೋ ಈ ಹಗ್ಗ."

ಹಗ್ಗ ಹಿಡಿದೆ. ಅವಳು ಗಂಟು ಹಾಕಿದಳು.

"ನಿನ್ನೆ ಸೋತೆ" ಎಂದಳು. "ಎಲ್ಲರ ಎದುರಿಗೆ ಸೋತೆ. ಇಷ್ಟು ದಿನ ಸೋತೆ ಅಂತ ಹೇಳ್ಕೊಳೋಕೂ ಏನೂ ಇರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು ಕಣೇ."

ಹಣ್ಣು ತೆಗೆದುಕೊಂಡಳು. ಒಂದು ತಿಂದು "ಸಿಹಿ ಸಾಲದು" ಎಂದಳು. ಹೋದ ವರ್ಷದ ಹಣ್ಣಿಗೂ ಹಾಗೇ ಎಂದಿದ್ದಳು.

ಮಾರ್ಚ್ 12

ಸೆಕಿಗುಚಿ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ನಿಲ್ದಾಣಕ್ಕೆ ಬಂದ. ಕೊನೆಯ ರೈಲಿನ ಬೀಳ್ಕೊಡುಗೆಗೆ ಕಡ್ಡಿಗೆ ಅಂಟಿಸಿದ ಕಾಗದದ ಬಾವುಟಗಳು. ಕಾರ್ಯಕ್ರಮವನ್ನು ಓದಿ ಹೇಳಿದ. ವಾದ್ಯ, ಮೇಯರ್ ಭಾಷಣ, ರೈಲು ಹೊರಡುವಾಗ ಎಲ್ಲರೂ ಬಾವುಟ ಬೀಸುತ್ತ ಮೇಯರ್ ಜೊತೆ ಮೂರು ಸಲ ಬಾನ್‌ಜಾಯ್.

"ಅದು ಬೇಡ" ಎಂದೆ.

"ಯಾವುದು?"

"ಬಾವುಟ. ಕೂಗೋದು."

"ಹಾಗಿವಾರಾ ಅವರೇ, ಇದು ಸಂತೋಷದಿಂದ ಕಳಿಸಿಕೊಡೋ ಸಮಾರಂಭ. ಈ ದಾರಿಯ ಎಲ್ಲ ನಿಲ್ದಾಣದಲ್ಲೂ ಹೀಗೇ. ಯಾರೂ ಆಕ್ಷೇಪಣೆ..."

"ಆ ಮಾತು ಇನ್ನೊಂದು ಸಲ ಆಡಿದ್ರೆ ಈ ಕೆಟಲ್ ನಿಮ್ಮ ತಲೆ ಮೇಲೆ ಬಗ್ಗಿಸ್ತೀನಿ! ಇದೇ ಪ್ಲಾಟ್‌ಫಾರ್ಮಿಂದ ಬಾವುಟ ಬೀಸಿ ಕೂಗಿ ಎಷ್ಟು ಜನರನ್ನ ಕಳಿಸಿದ್ದೀವಿ ಗೊತ್ತಾ? ಎಷ್ಟು ಜನ ವಾಪಸ್ಸು ಬಂದ್ರು ಗೊತ್ತಾ? ನೀವು ಹುಟ್ಟಿರಲಿಲ್ಲ, ಸರಿ. ನಿಮ್ಮ ಮೇಯರ್ ಹುಟ್ಟಿದ್ರಲ್ಲ?"

ಅವನು ಕನ್ನಡಕ ಒರೆಸಿದ. ಕಾರ್ಯಕ್ರಮ ಅಚ್ಚಾಗಿಬಿಟ್ಟಿದೆ, ತನ್ನ ಕೈಯಲ್ಲಿಲ್ಲ ಎಂದ. ಪೆಟ್ಟಿಗೆಯನ್ನು ಟಿಕೆಟ್ ಕೋಣೆಯೊಳಗಿಟ್ಟು ಬೀಗ ಹಾಕಿದೆ. ಕೊಡಿ ಎಂದ. ಕೊಡಲ್ಲ ಎಂದೆ.

ಮಾರ್ಚ್ 14

ಮಸುಯೊ ಅಕ್ಕನಿಗೆ ವಿಷಯ ಹೇಳಿದೆ. "ನಾನು ಬರೋದೇ ಇಲ್ಲ. ನೀವು ಏನು ಬೇಕಾದ್ರೂ ಕೂಗ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡಳು. ಪುರಸಭೆಗೆ ಎರಡು ಸಲ ಫೋನ್ ಮಾಡಿದೆ. ಮೇಯರ್ ಸಭೆಯಲ್ಲಿದ್ದಾರೆ. ಯಾವಾಗಲೂ ಸಭೆಯಲ್ಲೇ ಇರುತ್ತಾರೆ.

ಮಾರ್ಚ್ 31, ಭಾನುವಾರ

ಇವತ್ತು ಬೆಳಗಿನಿಂದ ಜನವೋ ಜನ. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಕ್ಯಾಮೆರಾದವನೊಬ್ಬ ಕಿಟಕಿಯ ಮುಂದೆ ನಿಂತು ಸರಿಯಿರಿ ಎಂದ. "ನಾನು ಈ ನಿಲ್ದಾಣದೋಳು. ಬೇಕಾದ್ರೆ ನನ್ನ ಸಮೇತ ತೆಗಿ, ಇಲ್ದಿದ್ರೆ ನಡಿ" ಎಂದೆ. ನನ್ನ ಸಮೇತ ತೆಗೆದ.

ಸಂಜೆಗೆ ಮೇಯರ್ ಬಂದರು. ವಾದ್ಯ ಆಯಿತು, ಭಾ‍ಷಣ ಆಯಿತು. ಬಾವುಟಗಳು ಬೀಗದ ಒಳಗೇ ಇದ್ದವು. ಎರಡು ಬೋಗಿಯ ಕೊನೆಯ ರೈಲು ಬಂದು ನಿಂತಿತು. ಊರಿನವರೆಲ್ಲ ಮುಂದೆ ನಿಂತಿದ್ದರು. ಆಗ ನೋಡಿದೆ, ಎಲ್ಲರ ಹಿಂದೆ ಕಂಬಕ್ಕೆ ಒರಗಿ ಮಸುಯೊ ಅಕ್ಕ, ಗದ್ದೆಗೆ ಹೋಗುವ ಉಡುಪಿನಲ್ಲೇ. ಬರುವುದಿಲ್ಲ ಎಂದವಳು ಬಂದಿದ್ದಳು.

ಗಾರ್ಡ್ ಸೀಟಿ ಬಾಯಿಗಿಟ್ಟ. ಮೇಯರ್ ಮರದ ಪೆಟ್ಟಿಗೆಯ ಮೇಲೆ ಹತ್ತಿ ಎರಡೂ ಕೈ ಮೇಲೆತ್ತಿದರು. ಜನರ ಕೈಗಳೂ ಅರ್ಧ ಎದ್ದವು.

"ನಿಲ್ಲಿ!"

ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಗಾರ್ಡ್ ಸೀಟಿ ಊದಲಿಲ್ಲ. ಮೇಯರ್ ಕೈ ಮೇಲಿಟ್ಟುಕೊಂಡೇ ತಿರುಗಿದರು.

"ಇಲ್ಲಿ ಒಬ್ಬರಿದ್ದಾರೆ. ಅವರನ್ನ ಕೇಳಿ ಆಮೇಲೆ ಕೂಗಿ."

"ಯಾರಮ್ಮಾ? ಏನು ಕೇಳೋದು?"

ನನ್ನ ಗಂಡ ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಮಾಡಿದರು. ಅವರು ಸರಿದಂತೆ ಹೊಸೊದಾ ಸರಿದ, ಗೆನ್‌ಜಿರೊ ತಾತ ಕೋಲೂರಿ ಸರಿದ, ಊರಿನವರೆಲ್ಲ ಸರಿದರು. ಮಸುಯೊ ಅಕ್ಕ ನನ್ನನ್ನು ಕೊಂದುಬಿಡುವ ಹಾಗೆ ನೋಡಿದಳು.

"ಅಕ್ಕಾ, ಕೂಗೋದಾ, ಬೇಡ್ವಾ?"

ಅವಳು ರೈಲಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ಯಾರೋ ಒಳಗೆ ಇದ್ದಾರೇನೋ ಎಂಬಂತೆ.

"ಬೇಡ" ಎಂದಳು.

ಮೇಯರ್ ಕೈ ಇಳಿಸಿದರು. ಎಲ್ಲರ ಕೈಗಳೂ ಇಳಿದವು. ಈ ಊರಿನ ಮೌನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತು ಉರಿಯಲಿಲ್ಲ. ಗಾರ್ಡ್ ಸೀಟಿ ಊದಿದ, ರೈಲು ಅಲುಗಿತು, ಗಾಲಿಯ ಸದ್ದೊಂದೇ ಇಡೀ ಕಣಿವೆಯಲ್ಲಿ.

ಮಸುಯೊ ಅಕ್ಕ ಜನರ ನಡುವೆ ನಡೆದು ಪ್ಲಾಟ್‌ಫಾರ್ಮಿನ ಅಂಚಿಗೆ ಬಂದಳು. ಸೈನ್ಯಕ್ಕೆ ಹೊರಟವರಿಗೆ ಅಂದು ಒಂದು ಮಾತನ್ನು ಮಾತ್ರ ಹೇಳುವಂತಿರಲಿಲ್ಲ. ಸಾಯಲು ಹೊರಟವನಿಗೆ ಮರಳಿ ಬಾ ಎನ್ನುವುದು ನಾಚಿಕೆಗೇಡು ಎನ್ನುತ್ತಿದ್ದರು. ದಿನವೂ ಗದ್ದೆಗೆ ಹೊರಟ ಗಂಡನಿಗೆ, ಶಾಲೆಗೆ ಹೊರಟ ಮಗುವಿಗೆ ಹೊಸ್ತಿಲಲ್ಲಿ ನಿಂತು ಹೇಳುವ ಆ ಮಾತನ್ನು ಅವಳು ಮನೆಯ ದನಿಯಲ್ಲೇ, ಕೂಗದೆ, ದೂರವಾಗುವ ಕೆಂಪು ದೀಪಕ್ಕೆ ಹೇಳಿದಳು.

"ಹೋಗಿ ಬನ್ನಿ."

ನಾನು ಅತ್ತೆ. ಮೇಯರ್ ನೋಡುತ್ತಿದ್ದರು, ನೋಡಲಿ. ಅವಳು ಅಳಲಿಲ್ಲ. ತಿರುವಿನಲ್ಲಿ ದೀಪ ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು, ನಾವು ಯಾರೂ ಮನೆಗೆ ಹೊರಡಲಿಲ್ಲ.